ರಾಜಲಕ್ಷ್ಮಿಯ ಜಿಗ್

ವಾಸುದೇವ ಅವರಷ್ಟು ಹಟಮಾರಿ ಗಂಡಸನ್ನು ನಾನು ಧಾರವಾಡದಲ್ಲೂ ಕಂಡಿಲ್ಲ, ಈ ಟೆಕ್ಸಸ್‌ನಲ್ಲೂ ಕಂಡಿಲ್ಲ. ಫ್ಲೂಗರ್‌ವಿಲ್‌ನಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಬೇಲಿ. ಮೈಸೂರಿನವರು, ಚಿಪ್ ಕಂಪನಿಯಲ್ಲಿ ಎಂಜಿನಿಯರ್, ಈರುಳ್ಳಿ ಬೆಳ್ಳುಳ್ಳಿಯನ್ನೂ ಮುಟ್ಟದ ಮನುಷ್ಯ. ಅಂಥವರು ಪಬ್‌ನಿಂದ ಪಬ್‌ಗೆ ಅಲೆದು ಐರಿಶ್ ಕುಣಿತದ ಮಟ್ಟೊಂದನ್ನು ಹುಡುಕಿದರು ಎಂದರೆ ಯಾರು ನಂಬುತ್ತಾರೆ!

ಅವರ ಹೆಂಡತಿ ರಾಜಲಕ್ಷ್ಮಿ ಪಿಟೀಲು ಟೀಚರ್. ಇಲ್ಲಿನ ನಮ್ಮ ಮಕ್ಕಳಿಗೆಲ್ಲ ಸರಳೆ ವರಸೆ ಕಲಿಸಿದವಳು ಅವಳೇ. ಭಾನುವಾರ ಮಧ್ಯಾಹ್ನ ಮಾತ್ರ ಆಸ್ಟಿನ್‌ನ ಒಂದು ಪಬ್‌ಗೆ ಹೋಗಿ, ಐರಿಶ್ ವಾದ್ಯಗಾರರ ನಡುವೆ ಲೆಮನೇಡ್ ಕುಡಿಯುತ್ತ ಕೂತು ನುಡಿಸುತ್ತಿದ್ದಳು. ಗಂಡ ಅವಳನ್ನು ಬಾಗಿಲಲ್ಲಿ ಇಳಿಸಿ, ಒಳಗಿನ ಬಿಯರ್ ಮಾಂಸದ ವಾಸನೆಗೆ ಹೇಸಿ, ಮುಗಿಯುವವರೆಗೂ ಕಾರಿನಲ್ಲೇ ಎಸಿ ಹಾಕಿಕೊಂಡು ಕೂರುತ್ತಿದ್ದರು. ಅಷ್ಟು ವರ್ಷಗಳಲ್ಲಿ ಒಂದು ದಿನವಾದರೂ ಒಳಗೆ ಕಾಲಿಡಲಿಲ್ಲ, ಪುಣ್ಯಾತ್ಮ.

ಹೋದ ಯುಗಾದಿಯ ಹೊತ್ತಿಗೆ ಅವಳಿಗೆ ಸ್ಟ್ರೋಕ್ ಆಯಿತು. ಮಾತು ಹೋಯಿತು, ಬಲಗೈ ಬಿದ್ದುಹೋಯಿತು. ಉಳಿದದ್ದು ಗುನುಗು ಮಾತ್ರ. ಅದೂ ಒಂದೇ ಮಟ್ಟು, ಜಿಗ್ ಎನ್ನುತ್ತಾರಂತೆ. ಜಿಗ್‌ಗೆ ಎರಡು ಭಾಗ. ಎರಡನ್ನೂ ನುಡಿಸಿ ಮತ್ತೆ ಮೊದಲಿಗೆ ಬರಬೇಕು. ಅವಳು ಮೊದಲ ಭಾಗವನ್ನು ಒಂದಿಷ್ಟೂ ತಪ್ಪದೆ ಗುನುಗಿ ಅಲ್ಲಿಗೇ ನಿಂತುಬಿಡುತ್ತಿದ್ದಳು. ಎಡಗೈಯಲ್ಲಿ ಗಂಡನ ತೋಳು ಹಿಡಿದು ಅಲ್ಲಾಡಿಸಿ, ‘ಆಮೇಲೆ?’ ಎನ್ನುವ ಹಾಗೆ ಮುಖ ನೋಡಿ ಅಳುತ್ತಿದ್ದಳು. ಅಯ್ಯೋ, ನೋಡಲಾಗುತ್ತಿರಲಿಲ್ಲ.

“ಆ ಉಳಿದರ್ಧ ಸಿಕ್ಕಿದ್ರೆ ಸಾಕು ಗುರವ್ವ. ಅದರ ಹಿಂದೇನೇ ಮಾತೂ ಬರುತ್ತೆ, ನೋಡ್ತಿರಿ” ಎಂದು ನನಗೆ ಹೇಳಿದರು ವಾಸುದೇವ. ಡಾಕ್ಟರ್ ಹಾಗೇನೂ ಹೇಳಿರಲಿಲ್ಲ. ಇವರೇ ನಿಶ್ಚಯ ಮಾಡಿಕೊಂಡಿದ್ದರು.

ಅವಳ ಗುನುಗನ್ನು ಫೋನಿನಲ್ಲಿ ಹಿಡಿದು ನೆಟ್ಟಿನಲ್ಲಿ ತಡಕಿದರು. ಅವಳು ನುಡಿಸುತ್ತಿದ್ದ ಗುಂಪು ಅಷ್ಟರಲ್ಲಿ ಚದುರಿಹೋಗಿತ್ತು, ಬೇರೆ ಬೇರೆ ಊರಿನ ಪಬ್‌ಗಳಿಗೆಲ್ಲ ಹೋಗಿ ಕೇಳಿದರು. ಮಟ್ಟು ಒಂದೇ, ಹೆಸರು ಊರಿಗೊಂದು. ಒಬ್ಬರು ಅದನ್ನು ಯಾವುದೋ ಸೇತುವೆಯ ಹೆಸರಿನಲ್ಲಿ ಕರೆದರೆ ಇನ್ನೊಬ್ಬರು ಯಾವಳೋ ವಿಧವೆಯ ಹೆಸರಿನಲ್ಲಿ. ಗರಗರ ಎನ್ನುವ ಹಳೆಯ ಗ್ರಾಮಾಫೋನ್ ರೆಕಾರ್ಡು, ಪುಸ್ತಕಗಳಲ್ಲಿ ಬರೆದಿಟ್ಟ ಸ್ವರಲಿಪಿ, ಡಲ್ಲಾಸ್‌ನ ಮುದುಕನೊಬ್ಬನ ಕ್ಯಾಸೆಟ್ಟು, ಒಂದನ್ನೂ ಬಿಡಲಿಲ್ಲ. ಸಂಗೀತದ ಗಂಧವೇ ಇಲ್ಲದ ಮನುಷ್ಯ ಆ ಲಿಪಿ ಓದಲು ಕಲಿತು, ಸರಿಗಮಕ್ಕೆ ಇಳಿಸಿಕೊಂಡು, ಹೆಂಡತಿಯ ಮುಂದೆ ಅಪಸ್ವರದಲ್ಲಿ ಹಾಡಿದರು. ಮೊದಲ ಭಾಗ ಎಲ್ಲದರಲ್ಲೂ ಹೆಚ್ಚು ಕಡಿಮೆ ಒಂದೇ. ಎರಡನೆಯದು ಒಂದರಂತೆ ಒಂದಿಲ್ಲ. ಅವಳು ಎಲ್ಲಕ್ಕೂ ಅಲ್ಲ, ಅಲ್ಲ ಎಂದು ತಲೆಯಾಡಿಸಿದಳು.

ನನಗೆ ರೇಗಿಹೋಯಿತು. “ಸಾಕ್ ಮಾಡ್ರಿ ಇನ್ನ! ಊರೂರು ತಿರಗೂದು ಬಿಟ್ಟು ಆಕಿ ಬಾಜೂಕ ಕುಂಡ್ರಿ. ಆಕಿಗೆ ನೀವು ಬೇಕಾಗೀರಿ, ಹಾಡಲ್ರಿ.”

“ಇಷ್ಟು ವರ್ಷ ಕಾರಲ್ಲಿ ಕೂತಿದ್ನಲ್ಲ, ಸಾಲದಾ?” ಎಂದರು.

ಆಮೇಲೆ ಬ್ರಿಜಿಡ್ ಎಂಬಾಕೆಯ ಪತ್ತೆ ಸಿಕ್ಕಿತು. ಪಬ್‌ನಲ್ಲಿ ರಾಜಲಕ್ಷ್ಮಿಯ ಪಕ್ಕದಲ್ಲೇ ಕೂತು ಪಿಟೀಲು ನುಡಿಸುತ್ತಿದ್ದವಳು, ಈಗ ಹ್ಯೂಸ್ಟನ್‌ಗೆ ಶಿಫ್ಟ್ ಆಗಿದ್ದಳು. ಮಗಳು ಇಂಚರಾಳನ್ನು ತಾಯಿಯ ಬಳಿ ಬಿಟ್ಟು, ನನ್ನನ್ನೂ ಕರೆದುಕೊಂಡು ಹೊರಟರು. ಬ್ರಿಜಿಡ್ ತನ್ನ ಫೋನಿನಲ್ಲಿದ್ದ ಹಳೆಯ ರೆಕಾರ್ಡಿಂಗ್ ಹಾಕಿದಳು. ಮೊದಲ ಭಾಗ ಎಲ್ಲರೂ ಸೇರಿ ನುಡಿಸಿದರು. ಎರಡನೆಯದು ಬಂದಾಗ ಉಳಿದವರು ನಿಂತುಹೋಗಿ, ಒಂದೇ ಒಂದು ಪಿಟೀಲು ಮುಂದುವರಿಯಿತು.

“ಇದೇ! ಇವಳೇ!” ಎಂದು ವಾಸುದೇವ ಎದ್ದು ನಿಂತರು.

ಬ್ರಿಜಿಡ್ ನಕ್ಕಳು. ಒಟ್ಟಿಗೆ ನುಡಿಸುವುದೇ ತಮ್ಮ ಪದ್ಧತಿಯಂತೆ. ಆದರೆ ರಾಜಲಕ್ಷ್ಮಿ ಎರಡನೆಯ ಭಾಗವನ್ನು ಇದ್ದ ಹಾಗೆ ನುಡಿಸುತ್ತಲೇ ಇರಲಿಲ್ಲವಂತೆ. ವಾರಕ್ಕೊಂದನ್ನು ಅಲ್ಲೇ ಕಟ್ಟುತ್ತಿದ್ದಳಂತೆ, ನಮ್ಮ ಕಛೇರಿಗಳಲ್ಲಿ ಕಲ್ಪನಾಸ್ವರ ಹಾಕುವ ಹಾಗೆ. ಮೊದಮೊದಲು ಜೊತೆಯಲ್ಲಿ ನುಡಿಸುವವರಿಗೆಲ್ಲ ಸಿಟ್ಟು ಬಂದಿತ್ತಂತೆ. ಕ್ರಮೇಣ, ಇವತ್ತು ಏನು ಮಾಡುತ್ತಾಳೋ ಎಂದು ಕಮಾನು ಕೆಳಗಿಟ್ಟು ಕಾಯತೊಡಗಿದರಂತೆ.

ನನಗೆ ಅಲ್ಲೇ ಅರ್ಥವಾಗಿಬಿಟ್ಟಿತು. ವಾಸುದೇವರಿಗೆ ಅರ್ಥವಾಗಲಿಲ್ಲವೋ, ಅರ್ಥ ಮಾಡಿಕೊಳ್ಳುವ ಮನಸ್ಸಿರಲಿಲ್ಲವೋ. ದಾರಿಯುದ್ದಕ್ಕೂ ಅದನ್ನೇ ಹಾಕಿಕೊಂಡು ಹುಡುಗನ ಹಾಗೆ ಸ್ಟೀರಿಂಗ್ ಮೇಲೆ ತಾಳ ಹಾಕುತ್ತ ಡ್ರೈವ್ ಮಾಡಿದರು.

ಮನೆಗೆ ಬಂದವರೇ ಅವಳ ಕಿವಿಯ ಬಳಿ ಫೋನ್ ಹಿಡಿದರು. ರಾಜಲಕ್ಷ್ಮಿ ಕಣ್ಣು ಮುಚ್ಚಿ ಕೇಳಿದಳು. ತನ್ನ ಕೈಯ ಗುರುತು ಹತ್ತಿತು, ಸೊಟ್ಟ ತುಟಿಯಲ್ಲೇ ನಕ್ಕಳು. ಇಂಚರಾ “ಶಿ ನೋಸ್ ಇಟ್, ಅಪ್ಪಾ!” ಎಂದು ಕೂಗಿದಳು. ಮುಗಿದ ಮೇಲೆ ರಾಜಲಕ್ಷ್ಮಿ ಫೋನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು. ಮೊದಲ ಭಾಗವನ್ನು ತಾನೇ ಗುನುಗಿದಳು, ನಿಂತಳು. ಕುರ್ಚಿಯ ಕೈ ಮೇಲೆ ಎಡಗೈ ಬೆರಳುಗಳು ಪಿಟೀಲಿನ ತಂತಿಯನ್ನು ಒತ್ತುವ ಹಾಗೆ ಒಂದೊಂದೇ ಜಾಗವನ್ನು ಒತ್ತಿ ಒತ್ತಿ ನೋಡಿದವು. ಏನೂ ಹುಟ್ಟಲಿಲ್ಲ. ಗಂಡನ ತೋಳು ಹಿಡಿದು ಅಲ್ಲಾಡಿಸಿದಳು.

ಆಗ ಅವರಿಗೂ ಅರ್ಥವಾಯಿತು.

“ಇವಳು ಕೇಳ್ತಿರೋದು ಹಳೇದನ್ನಲ್ಲ ಗುರವ್ವ” ಎಂದರು. “ಇವತ್ತಿಂದು ಕೇಳ್ತಿದಾಳೆ. ಅದನ್ನ ನಾನು ಎಲ್ಲಿಂದ ಹುಡುಕಿ ತರ್ಲಿ?”