ಕಂಪ್ಯೂಟರಿನೊಳಗಿನ ಬಾವಗಾರು

ಡಿಗ್ರಿ ಮುಗಿಸಿ ಮುಳಬಾಗಿಲಿನ ಮನೆಯಲ್ಲಿ ಸುಮ್ಮನೆ ಕೂತಿದ್ದ ವರ್ಷ ಅಪ್ಪ ನನ್ನನ್ನು ಕೋಲಾರದ ಒಂದು ಕಂಪ್ಯೂಟರ್ ಸೆಂಟರಿಗೆ ಸೇರಿಸಿದರು. ತೊಂಬತ್ತರ ದಶಕದ ನಡುಭಾಗ ಅದು. ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲೆ ಎರಡು ರೂಮು, ಐದು ಕಂಪ್ಯೂಟರು. ಚಪ್ಪಲಿ ಹೊರಗೆ ಬಿಟ್ಟು, ಕಾಲು ಒರೆಸಿಕೊಂಡು ಒಳಗೆ ಹೋಗಬೇಕು. ಹೆಂಗಸರ ಬ್ಯಾಚು ಮಧ್ಯಾಹ್ನ ಹನ್ನೆರಡರಿಂದ ಎರಡರವರೆಗೆ. ಆ ಬ್ಯಾಚಿನಲ್ಲಿ ಇದ್ದದ್ದು ಇಬ್ಬರೇ, ನಾನು ಮತ್ತು ಅವಳು.

ಅವಳು ಆವನಿಯವಳು. ಬೇಸಾಯದ ಮನೆ. ಮುಳಬಾಗಿಲಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ದಿನಾ ನನ್ನ ಜೊತೆ ಬಸ್ಸಿನಲ್ಲಿ ಬರುತ್ತಿದ್ದಳು. ಮನೆಯಲ್ಲಿ ತೆಲುಗು, ಹೊರಗೆ ಕನ್ನಡ, ಸಿಟ್ಟು ಬಂದರೆ ಎರಡೂ. ಇಂಗ್ಲಿಷ್ ಎಂದರೆ ಮಾತ್ರ ಮುಖ ಸಿಂಡರಿಸುತ್ತಿದ್ದಳು. ಅವಳು ಬಸ್ಸಿನಲ್ಲಿ ನಕ್ಕರೆ ಡ್ರೈವರು ಕನ್ನಡಿಯಲ್ಲಿ ಹಿಂದೆ ನೋಡುತ್ತಿದ್ದ. ಅಷ್ಟು ದೊಡ್ಡ ನಗು.

ಸೆಂಟರಿನ ಮೇಷ್ಟ್ರು ಹನ್ನೆರಡೂವರೆಗೆ ಊಟಕ್ಕೆಂದು ಮನೆಗೆ ಹೊರಡುತ್ತಿದ್ದರು. "ಲೆಟರ್ ಟೈಪ್ ಮಾಡ್ತಾ ಇರ್ರಮ್ಮಾ" ಎಂದು ಹೇಳಿ ಹೋದರೆ ಒಂದು ಗಂಟೆ ನಾವೇ ಯಜಮಾನಿಯರು. ಹಾಗೆ ಒಂದು ದಿನ ಅವಳು ಮೂಲೆಯ ಡಬ್ಬಿಯಲ್ಲಿದ್ದ ಹಳೆಯ ಫ್ಲಾಪಿಗಳನ್ನು ಒಂದೊಂದಾಗಿ ಹಾಕಿ ನೋಡುತ್ತಿದ್ದಾಗ ಪರದೆಯ ಮೇಲೆ ಒಂದು ಪ್ರಶ್ನೆ ಬಂತು. ನಿಮ್ಮ ವಯಸ್ಸೆಷ್ಟು? ಹದಿನೆಂಟು ತುಂಬದವರಿಗೆ ಒಳಗೆ ಪ್ರವೇಶವಿಲ್ಲ. ನಮಗಿಬ್ಬರಿಗೂ ಇಪ್ಪತ್ತು ದಾಟಿತ್ತು. ಅವಳು ಮಾತ್ರ ಅರವತ್ತು ಎಂದು ಒತ್ತಿದಳು. "ಅಜ್ಜಿ, ಮೆಟ್ಟಿಲು ಹುಷಾರು" ಎಂಬರ್ಥದ ಇಂಗ್ಲಿಷ್ ಸಾಲೊಂದು ಮೂಡಿತು. ನಾನು ಅದನ್ನು ಓದಿ ಕನ್ನಡದಲ್ಲಿ ಹೇಳಿದ ಕೂಡಲೇ ಅವಳು ಬಾಯಿಗೆ ದುಪಟ್ಟ ಒತ್ತಿಕೊಂಡಳು.

ದೊಡ್ಡವರಿಗೆಂದೇ ಮಾಡಿದ ತಮಾಷೆಯ ಆಟ ಅದು. ಯಾವುದೋ ಹೊರದೇಶದ ಸಮುದ್ರದಂಡೆಯ ಊರು. ಅಲ್ಲೊಬ್ಬ ನಡುವಯಸ್ಸಿನ ಗಂಡಸು. ಕಂದು ಕೋಟು, ಸ್ವಲ್ಪ ಹೊಟ್ಟೆ, ನೆತ್ತಿಯಲ್ಲಿ ಕೂದಲು ಕಡಿಮೆ. ಹೆಣ್ಣಿನ ಸಂಗ ಹುಡುಕಿಕೊಂಡು ಅಲೆಯುವುದೇ ಅವನ ಕೆಲಸ. ಅವನು ಏನು ಮಾಡಬೇಕೆಂದು ನಾವು ಇಂಗ್ಲಿಷಿನಲ್ಲಿ ಟೈಪ್ ಮಾಡಬೇಕು. ಬಾಗಿಲು ತೆಗೆ, ಹೂವು ತೆಗೆದುಕೋ, ಆ ಹೆಂಗಸಿನೊಡನೆ ಮಾತಾಡು. ದಂಡೆಯ ಮೇಲೆ ಅರೆಬರೆ ಬಟ್ಟೆಯ ಹೆಂಗಸರು, ಇಟ್ಟಿಗೆ ಜೋಡಿಸಿದಂಥ ದಪ್ಪ ಚುಕ್ಕಿಗಳಲ್ಲಿ.

"ಥೂ, ಆಫ್ ಮಾಡೇ" ಎಂದೆ ನಾನು.

"ಇರೇ, ಇವನೇನ್ ಮಾಡ್ತಾನೆ ನೋಡೋಣ."

ಅವನು ಒಬ್ಬಳ ಬಳಿ ಹೋಗಿ ಏನೋ ಹೊಗಳಿದ. ಆ ಹೆಂಗಸು ಒಂದೇ ಒಂದು ವಾಕ್ಯ ಹೇಳಿದಳು. ನಾವು ಡಿಕ್ಷನರಿ ತೆಗೆದು ಪದ ಹುಡುಕಿ ಅರ್ಥ ಮಾಡಿಕೊಳ್ಳಲು ಎರಡು ನಿಮಿಷ ಬೇಕಾಯಿತು. ಆಮೇಲೆ ನಗು ಶುರುವಾಗಿದ್ದು ಮೇಷ್ಟ್ರು ಮೆಟ್ಟಿಲು ಹತ್ತುವ ಸದ್ದು ಕೇಳಿದರೂ ನಿಲ್ಲಲಿಲ್ಲ.

ಇಡೀ ಆಟವೇ ಹಾಗಿತ್ತು. ಅವನು ಏನೇ ಆಡಲಿ, ಆ ಹೆಂಗಸರ ಮಾತು ಅದಕ್ಕಿಂತ ಚುರುಕು. ಒಬ್ಬಳು ಅವನನ್ನು ಈಜುಕೊಳಕ್ಕೆ ತಳ್ಳಿದಳು. ಇನ್ನೊಬ್ಬಳು ಊರೆಲ್ಲ ಚೀಲ ಹೊರಿಸಿ, ಕೊನೆಗೆ ಬೇರೆಯವನ ಕಾರು ಹತ್ತಿ ಹೋದಳು. ಮತ್ತೊಬ್ಬಳು ಅವನ ಪ್ಯಾಂಟನ್ನು ರೂಮಿನೊಳಗೇ ಇಟ್ಟುಕೊಂಡು ಬಾಗಿಲು ಹಾಕಿದಳು. ಪಾಪ, ಒಂದು ಪೇಪರು ಅಡ್ಡ ಹಿಡಿದುಕೊಂಡು ಹೋಟೆಲಿನ ತುಂಬ ಓಡಿದ. ಪೋಲಿ ಮಾತುಗಳು ಬೇಕಾದಷ್ಟಿದ್ದವು. ಅರ್ಧ ಅರ್ಥವಾಗುತ್ತಿತ್ತು, ಅರ್ಧ ನಾವೇ ಊಹಿಸಿಕೊಳ್ಳುತ್ತಿದ್ದೆವು. ನಮ್ಮ ಊಹೆ ಬಹುಶಃ ಇನ್ನೂ ಪೋಲಿಯಾಗಿರುತ್ತಿತ್ತು.

ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ಸೀಟಿ ಹೊಡೆದರೆ ನಾವು ತಲೆ ತಗ್ಗಿಸಿ ನಡೆಯುವವರು. ಆ ಹೆಂಗಸರು ತಲೆ ಎತ್ತಿ ಉತ್ತರ ಕೊಡುತ್ತಿದ್ದರು. ಅವರ ಉತ್ತರಗಳನ್ನು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದುಕೊಂಡೆವು. ಅವಳ ಇಂಗ್ಲಿಷ್ ಸುಧಾರಿಸಿದ್ದು ಹಾಗೆ. ಒಮ್ಮೊಮ್ಮೆ ರೋಸಿಹೋಗಿ ಇಂಗ್ಲಿಷ್ ಅಕ್ಷರದಲ್ಲಿ ತೆಲುಗಿನ ಬೈಗುಳ ಟೈಪ್ ಮಾಡುತ್ತಿದ್ದಳು. ಅರ್ಥವಾಗಲಿಲ್ಲ ಎಂದು ಆಟ ವಿನಯವಾಗಿ ಹೇಳುತ್ತಿತ್ತು. "ಇಷ್ಟ್ ವಯಸ್ಸಾಯ್ತು, ತೆಲುಗು ಬರಲ್ವಲ್ಲೇ ಇವಂಗೆ" ಎನ್ನುತ್ತಿದ್ದಳು.

ಅವನಿಗೆ ತೆಲುಗಿನ ಮರ್ಯಾದೆ ಸೇರಿಸಿ ಬಾವಗಾರು ಎಂದು ಹೆಸರಿಟ್ಟವಳೂ ಅವಳೇ. ಬಸ್ಸಿನಲ್ಲಿ ಮಾತಾಡಲು ಅದು ಅನುಕೂಲವಾಯಿತು. ವಾಪಸು ಬರುವಾಗ ಅವಳು ಆಟದಲ್ಲಿಲ್ಲದ ಕಥೆಗಳನ್ನೂ ಕಟ್ಟುತ್ತಿದ್ದಳು. ಬಾವಗಾರು ಆ ಕಂದು ಕೋಟಿನಲ್ಲೇ ಮುಳಬಾಗಿಲಲ್ಲಿ ಇಳಿಯುತ್ತಾರೆ. ಕುರುಡುಮಲೆಗೆ ಹೋಗಿ ಅಷ್ಟೆತ್ತರದ ಗಣಪನ ಮುಂದೆ ನಿಂತು ಹೆಣ್ಣು ಕೊಡಿಸಪ್ಪಾ ಎಂದು ಬೇಡಿಕೊಳ್ಳುತ್ತಾರೆ. ಹೊರಗೆ ಬಂದರೆ ಮುದುಕಿಯೊಬ್ಬಳು ರಾಗಿ ಮೂಟೆ ಹೊರಿಸಿ ಅವರನ್ನು ಮೂರು ಊರು ನಡೆಸುತ್ತಾಳೆ. ನಾನು ಬರೀ ನಗುತ್ತಿದ್ದೆ. ಕಟ್ಟುವುದು ನನಗೆ ಬರುತ್ತಿರಲಿಲ್ಲ.

ಒಂದು ಬೆಳಿಗ್ಗೆ ಬಸ್ಸಿನಲ್ಲಿ ಅವಳು, "ನಿನ್ನೆ ಬಾವಗಾರನ್ನ ಆ ಹೂವಿನಂಗಡಿಯೋಳು ಮತ್ತೆ ಓಡಿಸ್ಬಿಟ್ಲಲ್ಲೇ, ಇವತ್ತು ಏನಾದ್ರೂ ಸಿಹಿ ತಗೊಂಡ್ ಹೋಗ್ಲಿ" ಎಂದಳು. ಮುಂದಿನ ಸೀಟಿನಲ್ಲಿ ಕೂತಿದ್ದ ಹೆಂಗಸು ಪೂರ್ತಿ ತಿರುಗಿದರು. ಐವತ್ತರ ಆಸುಪಾಸು, ಮಡಿಲಲ್ಲಿ ವೀಳ್ಯದೆಲೆಯ ಕಟ್ಟು.

"ನಿಮ್ ಬಾವಂಗೆ ಇನ್ನೂ ಹೆಣ್ಣು ಸಿಕ್ಕಿಲ್ವೇನಮ್ಮಾ?"

ನಮ್ಮ ಕಡೆ ಸೋದರತ್ತೆಯ ಮಗನೂ ಬಾವನೇ. ಮದುವೆಯಾಗದ ಬಾವ ಇರುವುದು ಅವರಿಗೆ ವಿಚಿತ್ರವೆನಿಸಲಿಲ್ಲ. ನಾನು ಕಿಟಕಿ ಕಡೆ ಮುಖ ತಿರುಗಿಸಿದೆ. ಅವಳು ಮಾತ್ರ ಕಣ್ಣು ಮಿಟುಕಿಸದೆ, "ಇಲ್ಲಮ್ಮಾ" ಎಂದಳು.

"ವಯಸ್ಸೆಷ್ಟು?"

"ನಲವತ್ತು."

"ಏನ್ ಕೆಲಸ?"

"ಊರೂರು ಸುತ್ತೋ ಕೆಲಸ."

"ಮನುಷ್ಯ ಒಳ್ಳೇನಾ?"

"ಒಳ್ಳೇರೇ. ಆದ್ರೆ ಮಾತಾಡಕ್ ಬರಲ್ಲ."

ಆ ಹೆಂಗಸು ಸೀಟಿನ ಮೇಲೆ ಕೈಯಿಟ್ಟು ಬಗ್ಗಿ ಮೆಲ್ಲಗೆ ಹೇಳಿದರು. "ಯಲ್ದೂರಲ್ಲಿ ನಮ್ ನೆಂಟರ ಹುಡುಗಿ ಒಬ್ಳಿದಾಳೆ. ಮೂವತ್ತೈದು ತುಂಬ್ತು. ಯಾರಾದ್ರೂ ಬರ್ತಾರೇನೋ ಅಂತ ಈಗ್ಲೂ ಸಾಯಂಕಾಲ ತಲೆ ಬಾಚ್ಕೊಂಡು ಹೂ ಮುಡ್ಕೊಂಡು ಕೂತ್ಕೊಂತಾಳೆ. ನಿಮ್ ಬಾವನ ಜಾತಕ ಇದ್ರೆ ತಂದ್ಕೊಡು."

ಆ ದಿನ ನಾವು ಫ್ಲಾಪಿ ಮುಟ್ಟದೆ ನಿಜವಾಗಿಯೂ ಲೆಟರ್ ಟೈಪ್ ಮಾಡಿದೆವು. "ನಾವು ತಪ್ಪ್ ಮಾಡಿದ್ವಿ ಕಣೇ" ಎಂದಳು ಅವಳು.

ಮುಂದಿನ ವಾರ ಅದೇ ಹೆಂಗಸು ಅದೇ ಬಸ್ಸಿನಲ್ಲಿ ಜಾತಕ ಕೇಳಿದರು. ಬಾವ ಬೊಂಬಾಯಿಗೆ ಹೊರಟುಹೋದರು ಎಂದು ಅವಳು ತಡವರಿಸುತ್ತ ಹೇಳಿದಳು. ಅವರು ನಿಟ್ಟುಸಿರು ಬಿಟ್ಟು, ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿದರು. "ಹೋಗ್ಲಿ ಬಿಡು. ನೀನ್ಯಾರ ಮನೆ ಹುಡುಗೀನೇ?"

ಎರಡು ತಿಂಗಳಲ್ಲಿ ಆ ಹೆಂಗಸಿನ ಜೊತೆ ಅವರ ಅಣ್ಣನ ಮಗ, ಯಲ್ದೂರಿನ ಮಾವಿನ ತೋಟದವರು, ಅವಳನ್ನು ನೋಡಲು ಆವನಿಗೆ ಬಂದರು. ನಾನೂ ಹೋಗಿದ್ದೆ. ಹುಡುಗ ಮೆತ್ತನೆಯ ಮನುಷ್ಯ, ಉಪ್ಪಿಟ್ಟಿನ ತಟ್ಟೆಯಿಂದ ತಲೆ ಎತ್ತಲಿಲ್ಲ. ಎಲ್ಲ ಸಲೀಸಾಗಿ ನಡೆಯುತ್ತಿರುವಾಗ ಆ ಹೆಂಗಸು ಅವಳ ತಾಯಿಯನ್ನು ಕೇಳಿಬಿಟ್ಟರು: "ಬೊಂಬಾಯಿಗೆ ಹೋದ್ರಲ್ಲ ಬಾವ, ಹೇಗಿದಾರೆ?"

"ಯಾವ ಬೊಂಬಾಯಿ?" ಎಂದರು ತಾಯಿ.

ಕಾಫಿ ಲೋಟ ಹಿಡಿದು ನಿಂತಿದ್ದ ಅವಳು ಗಲ್ಲದಿಂದ ನನ್ನ ಕಡೆ ತೋರಿಸಿದಳು. "ಅವ್ರು ಇವಳ ಕಡೆ ಬಾವ."

ಎಲ್ಲರೂ ನನ್ನತ್ತ ನೋಡಿದರು. "ಚೆನ್ನಾಗಿದಾರೆ. ಮೊನ್ನೆ ಕಾಗದ ಬಂದಿತ್ತು" ಎಂದೆ. ಅವಳು ಒಳಗೆ ಓಡಿದಳು. ಅಡಿಗೆಮನೆಯಿಂದ ಬಹಳ ಹೊತ್ತು ಕೆಮ್ಮು ಕೇಳಿಸಿತು.

ಅವಳ ಮದುವೆಯಾಯಿತು. ಆಟ ಮುಗಿದಿರಲಿಲ್ಲ. ಒಬ್ಬಳೇ ಕೂತು ಎರಡು ದಿನ ನೋಡಿದೆ. ಪಕ್ಕದಲ್ಲಿ ನಗುವವರಿಲ್ಲದೆ ಬಾವಗಾರು ಬರೀ ಬೆಪ್ಪನಂತೆ ಕಂಡರು. ಫ್ಲಾಪಿಯನ್ನು ಡಬ್ಬಿಗೆ ಹಾಕಿಟ್ಟೆ. ಆ ಕಡೆಯಿಂದ ಎರಡು ಕಾಗದ ಬಂದವು, ಈ ಕಡೆಯಿಂದ ಮೂರು ಹೋದವು. ನನಗೂ ಮದುವೆಯಾಗಿ ಮಾಲೂರಿಗೆ ಬಂದೆ. ಶಾಲೆಯೊಂದರಲ್ಲಿ ಕಂಪ್ಯೂಟರ್ ಹೇಳಿಕೊಡುವ ಕೆಲಸ ಸಿಕ್ಕಿತು. ಮಗ ಹುಟ್ಟಿದ. ಕಾಗದಗಳು ನಿಂತವು. ಜಗಳವೇನೂ ಇರಲಿಲ್ಲ. ಆದರೂ ಕ್ಲಾಸಿನಲ್ಲಿ ಪರದೆಗಳೆಲ್ಲ ಒಟ್ಟಿಗೆ ಬೆಳಗುವಾಗ ಬಲಗಡೆಯ ಕುರ್ಚಿಯನ್ನು ನೋಡುವ ಅಭ್ಯಾಸ ನನಗೆ ಎಷ್ಟೋ ವರ್ಷ ಹೋಗಲಿಲ್ಲ.

ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ಶಾಲೆಗೆ ಬರುತ್ತಿದ್ದ ಕಂಪ್ಯೂಟರ್ ಪತ್ರಿಕೆಯ ಪುಟ ತಿರುಗಿಸುತ್ತಿದ್ದಾಗ ಆ ಕಂದು ಕೋಟು ಕಣ್ಣಿಗೆ ಬಿತ್ತು. ನಿಂತುಹೋಗಿದ್ದ ಹಳೆಯ ಆಟದ ಸರಣಿಗೆ ಮತ್ತೆ ಜೀವ ಬಂದಿದೆ, ಹೊಸ ಭಾಗ ಬಂದಿದೆ ಎಂದು ಬರೆದಿದ್ದರು. ಸ್ಟಾಫ್ ರೂಮಿನಲ್ಲಿ ಒಬ್ಬಳೇ ಎದ್ದು ನಿಂತುಬಿಟ್ಟೆ. ಅದು ಸರಣಿ ಎಂಬುದೇ ನಮಗೆ ಗೊತ್ತಿರಲಿಲ್ಲ. ನಾವು ಆಡಿದ್ದಕ್ಕೆ ಮುಂದೆ ಎಷ್ಟೋ ಭಾಗಗಳಿದ್ದುವಂತೆ.

ಬೆಂಗಳೂರಿಗೆ ಹೋಗಿದ್ದ ನಮ್ಮವರು ಸಿಡಿ ತಂದುಕೊಟ್ಟರು. ಅದರ ಡಬ್ಬಿ ತಿರುಗಿಸಿ ನೋಡಿ, "ಇದು ದೊಡ್ಡೋರ ಆಟ ಅಂತ ಬರ್ದಿದಾರಲ್ಲೇ" ಎಂದರು.

"ನಾವೇನ್ ಚಿಕ್ಕೋರಾ?" ಎಂದೆ.

ಒಂದು ಭಾನುವಾರ ಮಧ್ಯಾಹ್ನ ಮನೆಯ ಕಂಪ್ಯೂಟರಿಗೆ ಅದನ್ನು ಹಾಕಿದೆ. ಬಾವಗಾರಿಗೆ ತಲೆ ತುಂಬ ಕೂದಲು ಬಂದಿತ್ತು, ಹೊಟ್ಟೆ ಹೋಗಿತ್ತು. ಟೈಪ್ ಮಾಡುವುದಕ್ಕೆ ಜಾಗವೇ ಇರಲಿಲ್ಲ. ತೋರಿಸಿದ ಕಡೆ ಮೌಸ್ ಒತ್ತುತ್ತಾ ಹೋದರೆ ಆಯಿತು. ಹೆಂಗಸರು ಈಗ ನಿಜವಾದ ಹೆಂಗಸರಂತೆಯೇ ಕಾಣುತ್ತಿದ್ದರು. ಆದರೆ ಅವರಿಗೆ ಮಾತಿರಲಿಲ್ಲ, ನೋಡಲಿಕ್ಕಷ್ಟೇ ಇದ್ದರು. ಅರ್ಧ ಗಂಟೆ ಕಾದೆ, ಯಾರಾದರೂ ಒಬ್ಬಳು ಅವನನ್ನು ಕೊಳಕ್ಕೆ ತಳ್ಳುತ್ತಾಳೇನೋ ಎಂದು. ಯಾರೂ ತಳ್ಳಲಿಲ್ಲ.

ಮರುದಿನ ಕೋಲಾರದ ಹಳೆಯ ಮೇಷ್ಟ್ರಿಗೆ ಫೋನ್ ಮಾಡಿದೆ. "ಆ ಫ್ಲಾಪಿಗಳೆಲ್ಲಾ ಬೂಷ್ಟು ಹಿಡಿದ್ವಮ್ಮಾ, ಎಸೆದು ಯಾವ ಕಾಲ ಆಯ್ತು" ಎಂದರು. ಅವರಿಂದಲೇ ಅವಳ ಚಿಕ್ಕಮ್ಮನ ಮನೆಯ ನಂಬರು ಸಿಕ್ಕಿತು, ಅಲ್ಲಿಂದ ಯಲ್ದೂರಿನದು. ಫೋನಿನಲ್ಲಿ ಅವಳ ದನಿ ಕೇಳಿದಾಗ ಹೇಳಬೇಕೆಂದುಕೊಂಡದ್ದೆಲ್ಲ ಮರೆತು, "ಬರ್ತೀನಿ ಕಣೇ" ಎಂದಷ್ಟೇ ಹೇಳಿದೆ.

ಕೋಲಾರದಲ್ಲಿ ಒಂದು ಬಸ್ಸು, ಶ್ರೀನಿವಾಸಪುರದಲ್ಲಿ ಇನ್ನೊಂದು. ಮಾವಿನ ಕಾಲ. ಅವರ ಮನೆಯ ಜಗಲಿಯ ತುಂಬ ಹುಲ್ಲು ಹಾಸಿ ಕಾಯಿ ಹರಡಿದ್ದರು. ಅವಳು ದಪ್ಪಗಾಗಿದ್ದಳು. ನನ್ನನ್ನು ತಬ್ಬಿಕೊಂಡು, ತಕ್ಷಣ ಅತ್ತೆಯ ಕಡೆ ನೋಡಿ ಬಿಟ್ಟಳು. ಎಂಟು ಮತ್ತು ಆರು ವರ್ಷದ ಇಬ್ಬರು ಹೆಣ್ಣುಮಕ್ಕಳು ಕಂಬದ ಹಿಂದೆ ನಿಂತಿದ್ದರು.

ಊಟವಾದ ಮೇಲೆ ನಾನೇ ಮಾತು ತೆಗೆದೆ. "ಬಾವಗಾರು ಮತ್ತೆ ಬಂದಿದಾರೆ ಕಣೇ."

ಅವಳು ಕಾಯಿ ಆರಿಸುತ್ತಲೇ, "ಯಾವ ಬಾವ? ಅದೆಲ್ಲಾ ಎಲ್ಲಿ ನೆನಪಿರುತ್ತೆ ಬಿಡೇ" ಎಂದಳು. ಅತ್ತೆ ಅಲ್ಲೇ ಕೂತಿದ್ದರು, ಗೊತ್ತು. ಆದರೂ ನಿಜಕ್ಕೂ ಮರೆತಿದ್ದಾಳೆ ಎನಿಸಿತು. ಸಿಡಿ ಚೀಲದಲ್ಲಿತ್ತು. ತೆಗೆಯಲಿಲ್ಲ.

ಆಗ ಚಿಕ್ಕವಳು ಕಂಬದ ಹಿಂದಿನಿಂದ ಬಂದು ನನ್ನ ಮೊಣಕಾಲಿಗೆ ಒರಗಿ ನಿಂತಳು. "ದೊಡ್ಡಮ್ಮಾ, ಬಾವಗಾರು ನಿಮಗೂ ಗೊತ್ತಾ? ಕುರುಡುಮಲೆ ಅಜ್ಜಿ ಹತ್ರ ರಾಗಿ ಮೂಟೆ ಹೊತ್ರಲ್ಲ, ಅವ್ರು?"

ನಾನು ಮಗುವಿನ ಅಮ್ಮನತ್ತ ನೋಡಿದೆ. ಕೆನ್ನೆಯೆಲ್ಲ ಕೆಂಪಾಗಿತ್ತು.

ಬಸ್ಸಿಗೆ ಬಿಡಲು ಬಂದಾಗ ತೋಟದ ಬೇಲಿಯ ಪಕ್ಕ ನಿಂತು ಎಲ್ಲ ಹೇಳಿದಳು. ಮಕ್ಕಳನ್ನು ಮಲಗಿಸುವಾಗ ದಿನಾ ಒಂದು ಕಥೆಯಂತೆ, ತೆಲುಗಿನಲ್ಲಿ. ಪೋಲಿಯದೆಲ್ಲ ತೆಗೆದುಹಾಕಿದ್ದಳು. ಹೆಣ್ಣು ಹುಡುಕುವ ಬದಲು ಬಾವಗಾರು ಕಳೆದುಹೋದ ಕೊಡೆ ಹುಡುಕುತ್ತಿದ್ದರು. ಹೋದಲ್ಲೆಲ್ಲ ಹೆಂಗಸರು ಅವರನ್ನು ಮಾತಿನಲ್ಲಿ ಸೋಲಿಸುತ್ತಿದ್ದರು. ಅದನ್ನು ಮಾತ್ರ ಬಿಟ್ಟಿರಲಿಲ್ಲ. ಮೂವತ್ತೈದರ ಆ ಹುಡುಗಿಗೆ ಚಿಂತಾಮಣಿ ಕಡೆ ಮದುವೆಯಾಯಿತೆಂದೂ ಹೇಳಿದಳು.

ಸಂತೋಷವಾಯಿತು. ಜೊತೆಗೆ ಹೊಟ್ಟೆಕಿಚ್ಚೂ ಆಯಿತು, ಸುಳ್ಳೇಕೆ. ನಾನು ಇಲ್ಲದೆಯೇ ಆಟ ಅಷ್ಟು ವರ್ಷ ನಡೆದುಕೊಂಡು ಬಂದಿತ್ತು.

"ಒಂದು ಹೇಳೇ, ಈಗ್ಲೇ" ಎಂದೆ.

"ನಿನ್ನೆದುರಿಗೆ ನಾಚ್ಕೆ ಆಗುತ್ತೆ. ಮಕ್ಕಳ ಜೊತೆ ಮಲ್ಕೊಂಡ್ರೇ ಬರೋದು. ಇವತ್ತು ಉಳ್ಕೊ."

ಮಾರನೇ ದಿನ ನನಗೆ ಶಾಲೆಯಲ್ಲಿ ಕೆಲಸವಿತ್ತು. ಮನೆಯಲ್ಲಿ ಮಗನೊಬ್ಬನೇ ಅಪ್ಪನ ಜೊತೆ. ಮುಂದಿನ ವರ್ಷ ಬಂದು ಉಳಿಯುತ್ತೇನೆ ಎಂದು ಬಸ್ಸು ಹತ್ತಿದೆ.

ಮುಂದಿನ ವರ್ಷ ಎಂದದ್ದು ಮೂರು ವರ್ಷವಾಯಿತು. ಉಳಿಯಲೆಂದೇ ಬಟ್ಟೆ ತೆಗೆದುಕೊಂಡು ಹೋದೆ. ಹುಡುಗಿಯರು ಎತ್ತರವಾಗಿದ್ದರು. ನನಗೆ ನೀರು ಕೊಟ್ಟು, ಒಳಗೆ ಟಿವಿ ಮುಂದೆ ಕೂತರು.

"ಈಗ ಯಾರೂ ಕೇಳಲ್ಲ ಕಣೇ" ಎಂದಳು ಅವಳು. ಜಗಲಿಯಲ್ಲಿ ನಾವಿಬ್ಬರೇ ಇದ್ದೆವು. ಸಂಜೆಯ ಬಿಸಿಲು ಹುಲ್ಲಿನ ಮೇಲೆ ಬಿದ್ದಿತ್ತು.

"ಕೊನೇಗೆ ಹೇಳಿದ್ ಕಥೆ ಯಾವ್ದು?"

ಅವಳು ತೋತಾಪುರಿ ಮಾವಿನಕಾಯೊಂದನ್ನು ಕೈಯಲ್ಲಿ ತಿರುಗಿಸಿದಳು. "ಗೊತ್ತಿಲ್ಲ. ಅದೇ ಕೊನೇದು ಅಂತ ಆಗ ನನಗೇನ್ ಗೊತ್ತಿತ್ತು?"

ನಾನು ಗಂಟಲು ಸರಿಮಾಡಿಕೊಂಡೆ. "ಬಾವಗಾರು ಶ್ರೀನಿವಾಸಪುರದಲ್ಲಿ ಬಸ್ಸಿಳಿದ್ರು" ಎಂದು ಶುರು ಮಾಡಿದೆ.

ಅವಳು ಕೈಯಲ್ಲಿದ್ದ ಕಾಯಿ ಕೆಳಗಿಟ್ಟು ನನ್ನ ಕಡೆ ತಿರುಗಿ ಕೂತಳು. "ಆಮೇಲೆ?"

ನಾನು ಏನೋ ಹೇಳುತ್ತಾ ಹೋದೆ. ಚೆನ್ನಾಗಿರಲಿಲ್ಲ. ಅವಳು ಕೊನೆಯವರೆಗೂ ಕೇಳಿಸಿಕೊಂಡಳು.