ಕೊತ್ತಲದ ಮೇಲಿನ ಕುಸುಮ

ಆಗೆಲ್ಲ ಸತ್ತವರು ಸಂಜೆ ಎದ್ದು ಮನೆಗೆ ಹೋಗುತ್ತಿದ್ದರು. ನವರಾತ್ರಿ ರಜೆ ಬಂತೆಂದರೆ ನಮ್ಮೂರು ನಗರದ ಹಳೇ ಕೋಟೆಯಲ್ಲಿ ನಮ್ಮದು ದಿನವೂ ಯುದ್ಧದಾಟ. ಬಿದಿರ ಕೊಳವೆಯ ಪೆಟ್ಲು ನಮ್ಮ ಕೋವಿ, ಕಾಡುಮರದ ಪುಟ್ಟ ಹಸಿ ಜುಮ್ಮನಕಾಯಿ ಗುಂಡು. ಕಡ್ಡಿಯಿಂದ ಒತ್ತಿದರೆ ಠಪ್ ಎಂದು ಹಾರುತ್ತಿತ್ತು. ಕೈಗೆಲ್ಲ ಖಾರಕ್ಕೆ ನಿಂಬೆ ಬೆರೆತಂಥ ವಾಸನೆ. ಆ ವಾಸನೆಯೊಂದನ್ನು ನಾನು ನಂಬುತ್ತೇನೆ. ಉಳಿದದ್ದರಲ್ಲಿ ನೆನಪೆಷ್ಟು, ಆಮೇಲೆ ನಾನೇ ಕಟ್ಟಿಕೊಂಡದ್ದೆಷ್ಟು, ಗೊತ್ತಿಲ್ಲ.

ಕಾಯಿ ತಾಗಿದ್ದನ್ನು ಯಾರೂ ಒಪ್ಪುತ್ತಿರಲಿಲ್ಲ. ಅದಕ್ಕೇ ಪಕ್ಕದ ಮನೆಯ ಕುಸುಮಳನ್ನು ಕೊತ್ತಲದ ಮೇಲೆ ಕೂರಿಸಿದ್ದೆವು. ಅಲ್ಲಿಂದ ಎರಡೂ ಕಡೆಯವರು ಕಾಣುತ್ತಿದ್ದರು. ಅವಳು ಯಾರ ಕಡೆಯೂ ಅಲ್ಲ. "ಏ ಮಂಜ, ನೀ ಸತ್ತೆ ಮಾರಾಯ, ಬಿದ್ಕ!" ಎಂದು ಅವಳು ಕೂಗಿದರೆ ನಮ್ಮ ನಾಯಕ ಮಂಜನೂ ಗೊಣಗುತ್ತ ಹುಲ್ಲಿನ ಮೇಲೆ ಬೀಳುತ್ತಿದ್ದ.

ಒಂದು ವರ್ಷ ರಜೆ ಮುಗಿಯುವ ಹೊತ್ತಿಗೆ ಅವಳು ಪೆಟ್ಲು ಹಿಡಿದುಕೊಂಡೇ ಬಂದಳು.

"ಇವತ್ತು ನಾನೂ ಆಡ್ತೀನಿ. ದಿನಾ ನಿಮ್ಮ ಹೆಣ ಕಾಯ್ದು ಸಾಕಾಯ್ತು."

"ನೀ ಆಡಿದ್ರೆ ನೋಡೋರ್ಯಾರೇ?" ಎಂದ ಮಂಜ.

"ಒಂದಿನ ನಿಯತ್ತಲ್ಲಿ ಸಾಯ್ರೋ."

ಅವಳನ್ನು ಎದುರು ಪಡೆಗೆ ಸೇರಿಸಿ ಆಡಿದೆವು. ಮುರುಕು ಗೋಡೆಯ ಹಿಂದಿನಿಂದ ಎದ್ದು ಅವಳು ಹೊಡೆದ ಮೊದಲ ಕಾಯಿಯೇ ಮಂಜನ ಕಿವಿಗೆ ತಾಗಿತು. ತಾಗಿತೆಂದೇ ನನ್ನ ನೆನಪು. ಅವನು ಕಿವಿ ಉಜ್ಜಿಕೊಂಡನಲ್ಲ? ಅಥವಾ ಅದು ಬೇರೆ ದಿನವೋ?

"ತಾಗ್ಲೇ ಇಲ್ಲ ಮಾರಾಯ್ತಿ," ಎಂದ.

"ತಾಗ್ತು ಕಣೋ, ಸಾಯಿ!"

ರೂಢಿಯಂತೆ ಎಲ್ಲರೂ ಕೊತ್ತಲದ ಕಡೆ ಕತ್ತೆತ್ತಿದೆವು. ಅಲ್ಲಿ ಯಾರೂ ಇರಲಿಲ್ಲ. ಕುಸುಮಳೂ ಅತ್ತಲೇ ನೋಡುತ್ತಿದ್ದಳು. ಆಮೇಲೆ ಪೆಟ್ಲನ್ನು ಕಂದಕಕ್ಕೆ ಎಸೆದು ಹೋದಳು. ಮತ್ತೆ ಬರಲಿಲ್ಲ. ಅವಳಿಲ್ಲದೆ ನಾವೂ ಒಂದೆರಡು ದಿನ ಜಗಳವಾಡಿ ಆಟ ಬಿಟ್ಟೆವು.

ಮೊನ್ನೆ ತಮ್ಮನ ಮಗ ಕಂಪ್ಯೂಟರಿನಲ್ಲಿ ಎಲ್ಲೆಲ್ಲಿಯವರೊಂದಿಗೋ ಗುಂಡಿನ ಆಟ ಆಡುತ್ತಿದ್ದ. ಯಾರು ಸತ್ತರೆಂದು ತೀರ್ಮಾನಿಸುವವರು ಯಾರು ಎಂದು ಕೇಳಿದೆ.

"ಸರ್ವರ್, ದೊಡ್ಡಪ್ಪ. ಆಟ ನಡೆಸೋಕಂತ್ಲೇ ಇಟ್ಟಿರೋ ಬೇರೆ ಕಂಪ್ಯೂಟರ್. ಆಡೋರಲ್ಲೇ ಒಬ್ರು ನಡೆಸಿದ್ರೆ ಅವ್ರಿಗೇ ಲಾಭ, ಅವ್ರು ಎದ್ದೋದ್ರೆ ಆಟಾನೇ ನಿಲ್ಲುತ್ತೆ. ಇದು ತಾನು ಆಡಲ್ಲ, ಎಲ್ಲರನ್ನೂ ನೋಡ್ತಿರುತ್ತೆ."

"ಅದಕ್ಕೂ ಆಡ್ಬೇಕು ಅನ್ಸಲ್ವಾ?"

ಅವನು ನಕ್ಕ.

ಕುಸುಮ ಯಾವ ಊರು ಸೇರಿದಳೋ, ನಾನು ವಿಚಾರಿಸಲೇ ಇಲ್ಲ. ಈಗ ಅವಳೆದುರು ನಿಂತು, "ಕಾಯಿ ತಾಗಿತ್ತು ಮಾರಾಯ್ತಿ, ನಾ ನೋಡಿದ್ದೆ" ಅನ್ನಬೇಕೆನಿಸುತ್ತದೆ. ನಿಜವಾಗಿ ನೋಡಿದ್ಯಾ ಎಂದು ಅವಳು ಕೇಳಿದರೆ, ಮತ್ತೆ ಆ ಖಾಲಿ ಕೊತ್ತಲದ ಕಡೆಗೇ ಕತ್ತೆತ್ತಬೇಕು.