ಉಪ್ಪಿನ ಗಂಟಿನ ಬಿಸಿ

ನನ್ನ ಬೆರಳುಗಳಿಗೆ ಬಿಸಿ ಗೊತ್ತಾಗುವುದಿಲ್ಲ. ತೊಂಬತ್ತರ ದಶಕದಲ್ಲಿ ಧರ್ಮಪುರಿಯ ಕಡೆ ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುವ ಕೆಲಸಕ್ಕೆ ಸೇರಿದ್ದೆ. ಕಾದ ನೀರಿನಲ್ಲಿ ಕೈಯಾಡಿಸಿ ಆಡಿಸಿ ಎರಡೇ ವರ್ಷಕ್ಕೆ ಬೆರಳ ತುದಿಗಳು ಸತ್ತುಹೋದವು. ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸಿದರೆ ನೋಡಿದವರೆಲ್ಲ ಅಯ್ಯಯ್ಯೋ ಅನ್ನುವರು, ನನಗೆ ಜಂಬ. ಆ ಜಂಬಕ್ಕಿಷ್ಟು ಬೆಂಕಿ ಹಾಕ!

ಅಕ್ಕನನ್ನು ಮೇಚೇರಿಗೆ ಕೊಟ್ಟು ಆರು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಮುಟ್ಟಾದರೆ ಹತ್ತು ದಿನವಾದರೂ ರಕ್ತ ನಿಲ್ಲುತ್ತಿರಲಿಲ್ಲ. ಸೇಲಂನಲ್ಲಿ ಸ್ಕ್ಯಾನ್ ಮಾಡಿಸಿದಾಗ ಗರ್ಭಕೋಶದಲ್ಲಿ ಗೆಡ್ಡೆ ಕಂಡಿತು. ಈ ತಿಂಗಳೇ ಬಂದರೆ ಗೆಡ್ಡೆ ಮಾತ್ರ ತೆಗೆದು ಗರ್ಭಕೋಶ ಉಳಿಸಬಹುದು, ತಡ ಮಾಡಿದರೆ ನನ್ನ ಕೈಯಲ್ಲಿಲ್ಲ ಅಂದರು ಡಾಕ್ಟರಮ್ಮ. ಅಕ್ಕನಿಗೆ ಆಪರೇಷನ್ ಅಂದರೆ ಜೀವಭಯ.

"ಕತ್ತಿ ಹಾಕಿದ್ ಮೇಲೆ ಒಟ್ಟೆನಾಗೆ ಕೂಸು ನಿಲ್ತೈತಾ?" ಅಂದಳು ಅವ್ವನಿಗೆ.

ನಮ್ಮವರಲ್ಲಿ ಹೊಟ್ಟೆಯ ಗಂಟಿಗೆ ಕಾವು ಕೊಡುವ ರೂಢಿ. ಉಪ್ಪು, ತವುಡು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ, ಹೊಟ್ಟೆಯ ಮೇಲೆ ಹರಳೆಲೆ ಹಾಸಿ ಒತ್ತುತ್ತಾರೆ. ಒತ್ತುವವಳು ಆ ಗಂಟನ್ನು ಮೊದಲು ತನ್ನ ಕೆನ್ನೆಗೆ ಇಟ್ಟು ನೋಡಬೇಕು. ಇದರಲ್ಲಿ ಅವ್ವನದೇ ಪಳಗಿದ ಕೈ. ಆದರೂ ಅಕ್ಕ ಹಟ ಹಿಡಿದು ನನ್ನನ್ನೇ ಕರೆಸಿದಳು. ಬಸ್ಸು ತೊಪ್ಪೂರು ಘಾಟಿ ಇಳಿಯುವಾಗ ನನಗೆ ಹೆಮ್ಮೆಯೋ ಹೆಮ್ಮೆ.

"ಸುಡ್ತೈತಾ ಅಕ್ಕಾ?"

"ಇಲ್ಲ ಲೇ, ಒತ್ತು. ಇನ್ನೂ ಬಿಸಿ ಬೇಕು."

ನಾನು ಕೆನ್ನೆಗೆ ಇಡಲಿಲ್ಲ. ಬೆರಳಲ್ಲಿ ಮುಟ್ಟಿ ಸರಿಯಾಗಿದೆ ಅಂದುಕೊಂಡೆ. ಮೂರನೆಯ ದಿನ ಎಲೆ ಕಮರು ವಾಸನೆ ಹೊಡೆಯಿತು. ಅಕ್ಕ ಸೆರಗು ಕಚ್ಚಿಕೊಂಡು ಗೋಡೆಯ ಕಡೆ ತಿರುಗಿದ್ದಳು. ನಿಲ್ಲಿಸಲಾ ಅಂತ ಕೇಳಿದೆ. "ಕರಗ್ತಾ ಐತೆ ಕಣೇ, ನಂಗೆ ಗೊತ್ತಾಗ್ತೈತೆ, ಬಿಡಬ್ಯಾಡ," ಅಂದಳು. ಐದನೆಯ ದಿನ ಎಲೆ ಎತ್ತಿದರೆ ಅದರ ಜೊತೆ ಚರ್ಮವೂ ಬಂತು.

ಸೇಲಂನ ಡಾಕ್ಟರಮ್ಮ ಆ ಹೊಟ್ಟೆ ನೋಡಿ ಕೆಂಡವಾದರು. "ಯಾರಮ್ಮಾ ಇಪ್ಪಡಿ ಪಣ್ಣುನದು?" ಹೀಗೆ ಮಾಡಿದ್ದು ಯಾರು ಎಂದು ತಮಿಳಿನಲ್ಲಿ ಗದರಿದರು. ಅಕ್ಕ ತಾನೇ ಇಟ್ಟುಕೊಂಡೆ ಅಂದುಬಿಟ್ಟಳು. ಕೀವಾದ ಹೊಟ್ಟೆಯನ್ನು ಕುಯ್ಯುವಂತಿರಲಿಲ್ಲ, ಗಾಯ ಮಾಯಲು ಎರಡು ತಿಂಗಳು ಹಿಡಿಯಿತು. ಅಷ್ಟರಲ್ಲಿ ರಕ್ತ ಹೋಗಿ ಹೋಗಿ ಅವಳು ಎದ್ದು ಕೂರಲೂ ಆಗದಂತಾದಳು. ಜೀವ ಉಳಿಸಲು ಗರ್ಭಕೋಶವನ್ನೇ ತೆಗೆದರು.

ಈಗ ಕುಯ್ಯದೆಯೇ, ಶಬ್ದದ ಅಲೆಗಳನ್ನು ಒಂದೇ ಕಡೆ ಹಾಯಿಸಿ ಗೆಡ್ಡೆಯನ್ನು ಸುಡುತ್ತಾರಂತೆ. ಒಳಗೆ ಎಷ್ಟು ಬಿಸಿಯಾಯಿತು ಎಂದು ಎಂಆರ್‌ಐ ಯಂತ್ರ ಕ್ಷಣಕ್ಷಣಕ್ಕೂ ತೋರಿಸುತ್ತದೆ, ಮೀರಿದರೆ ನಿಲ್ಲಿಸುತ್ತಾರೆ. ಡಾಕ್ಟರೊಬ್ಬಳು ಇದನ್ನು ಹೇಳಿದ ದಿನ ನನಗೆ ಊಟ ಸೇರಲಿಲ್ಲ. ಮೇಚೇರಿಗೆ ಹೋಗಿ ಅಕ್ಕನ ಮುಂದೆ ಎಲ್ಲ ಒಪ್ಪಿಕೊಂಡೆ: ನನ್ನ ಕೈಗೆ ಬಿಸಿ ತಿಳಿಯುತ್ತಿರಲಿಲ್ಲ, ಕೆನ್ನೆಗೆ ಇಟ್ಟು ನೋಡಲೂ ಇಲ್ಲ, ನಿನ್ನ ಹೊಟ್ಟೆ ಸುಟ್ಟವಳು ನಾನೇ ಅಂತ.

ಅವಳು ಸೊಪ್ಪು ಸೋಸುವುದನ್ನು ನಿಲ್ಲಿಸಲಿಲ್ಲ.

"ನಿನ್ ಕೈ ಇಂಗೇ ಅಂತ ನಂಗೆ ಗೊತ್ತಿರ್ಲಿಲ್ವೇನೇ? ಅವ್ವ ಆಗಿದ್ರೆ ಕೆನ್ನೆಗಿಟ್ಟು ಆರಿಸಿಬಿಡೋಳು. ಅದಕ್ಕೇ ನಿನ್ನ ಕರೆಸಿದ್ದು."